ರಾಯಚೂರಿನ ಚಳಿಗೂ ಒಂದು ಒಲೆ

ರಾಯಚೂರು ಜಿಲ್ಲೆಯಲ್ಲಿ ಮನೆ ಬೆಚ್ಚಗಿಡೋಕೆ ಒಲೆ ಕಟ್ಟಿಸಿದೆ ಅಂದರೆ ಎಲ್ಲರೂ ಮೊದಲು ನಗುತ್ತಾರೆ. ನಗಲಿ. ಬೇಸಿಗೆಯಲ್ಲಿ 42, 43 ಡಿಗ್ರಿ ಬಿಸಿಲು ಉಣ್ಣುವ ಊರು ನಮ್ಮದು, ಇಲ್ಲಿ ಕೂಲರ್ ಬಗ್ಗೆ ಬರೆಯೋದು ಬಿಟ್ಟು ಒಲೆ ಬಗ್ಗೆ ಯಾಕೆ ಅಂತ ಕೇಳುವವರು ಡಿಸೆಂಬರ್ ಕೊನೆಯ ಒಂದು ರಾತ್ರಿ ನಾಲೆ ಪಕ್ಕದ ತಗಡಿನ ಮನೆಯಲ್ಲಿ ಮಲಗಿ ನೋಡಬೇಕು. ಊರೊಳಗೆ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಅಷ್ಟು ಗೊತ್ತಾಗಲ್ಲ. ಬಯಲಲ್ಲಿ ಗೊತ್ತಾಗುತ್ತದೆ.

ನಮ್ಮ ಹೊಲ ಇರುವುದು ಸಿಂಧನೂರು ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ಒಂದು ಉಪಕಾಲುವೆ ಪಕ್ಕ. ಸುತ್ತ ಭತ್ತದ ಗದ್ದೆ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಚಳಿಗಾಲದಲ್ಲೂ ಗದ್ದೆ ತುಂಬ ನೀರು ನಿಂತಿರುತ್ತದೆ, ನೆಲ ಎರೆ, ಕತ್ತಲಾದರೆ ಸಾಕು ಮಂಡಿಯತನಕ ತಂಪು ಏರುತ್ತದೆ. ರಾತ್ರಿ 12, 13 ಡಿಗ್ರಿಗೆ ಇಳಿಯುವುದು ವರ್ಷದಲ್ಲಿ ಸ್ವಲ್ಪ ದಿನ ಮಾತ್ರ. ಆದರೆ ಆ ಸ್ವಲ್ಪ ದಿನವೇ ಅಪ್ಪನಿಗೆ ಕಷ್ಟ.

ಅಪ್ಪನಿಗೆ ಎಪ್ಪತ್ತು ದಾಟಿದೆ, ದಮ್ಮು ಇದೆ. ಊರ ಮನೆಗೆ ಬಂದು ಮಲಗು ಅಂದರೆ ಬರಲ್ಲ. ಎಮ್ಮೆ ಇವೆ, ರಾತ್ರಿ ಪಾಳಿಯ ನೀರು ಇದೆ, ಅದಕ್ಕಿಂತ ಜಾಸ್ತಿ ಹಠ ಇದೆ. ತಣ್ಣನೆ ಗಾಳಿ ಎದೆಗೆ ಹೋದರೆ ನಸುಕಿನಲ್ಲಿ ಉಸಿರು ಬಿಗಿಯುತ್ತದೆ, ಹೊಗೆ ಹೋದರೆ ಇನ್ನೂ ಬೇಗ ಬಿಗಿಯುತ್ತದೆ. ಅಂದರೆ ಬೆಚ್ಚಗೂ ಇರಬೇಕು, ಕೋಣೆಯಲ್ಲಿ ಒಂದು ಎಳೆ ಹೊಗೆಯೂ ಇರಬಾರದು. ನಾನು ಮಾಡಿದ್ದೆಲ್ಲ ಈ ಒಂದು ಕಟ್ಟಳೆಯೊಳಗೇ.

ಮನೆ ಅಂದರೆ ಹತ್ತು ಬೈ ಹನ್ನೆರಡರ ಒಂದು ಕೋಣೆ, ಮುಂದೆ ಸಣ್ಣ ಪಡಸಾಲೆ. ಆರಿಂಚಿನ ಸಿಮೆಂಟ್ ಬ್ಲಾಕ್ ಗೋಡೆ, ಹೊರಗೆ ಪ್ಲಾಸ್ಟರ್ ಇಲ್ಲ, ಮೇಲೆ ತಗಡು. ತಗಡಿನ ಗುಣ ಹೇಗೆ ಅಂದರೆ, ಮೋಡ ಇಲ್ಲದ ರಾತ್ರಿ ಅದು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಎಷ್ಟರಮಟ್ಟಿಗೆ ಅಂದರೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ ಮಲಗಿದವರ ಉಸಿರಿನ ತೇವ ಹೋಗಿ ಆ ತಗಡಿಗೆ ತಾಗಿ ಹನಿ ಕಟ್ಟುತ್ತದೆ. ಬೆಳಗಿನ ಜಾವ ಹನಿ ಕೌದಿ ಮೇಲೆ ಬೀಳುತ್ತದೆ. ಮಳೆ ಇಲ್ಲದ ಕಾಲದಲ್ಲಿ ಮಾಳಿಗೆ ಸೋರೋದು ಅಂದರೆ ಇದೇ. ನಮ್ಮ ಅಜ್ಜನ ಮನೆ ಹಳೇ ಮಾಳಿಗೆ ಮನೆ, ತೊಲೆ ಜಂತಿ ಮೇಲೆ ದಪ್ಪಗೆ ಮಣ್ಣು, ಎರಡಡಿ ಕಲ್ಲಿನ ಗೋಡೆ. ಅಲ್ಲಿ ಚಳಿಗಾಲದಲ್ಲಿ ಒಂದು ಕಂಬಳಿ ಸಾಕಾಗುತ್ತಿತ್ತು. ಆ ಮನೆ ಬಿದ್ದು ಹೋಯಿತು, ತಗಡು ಬಂತು. ಯಾರನ್ನೂ ಬೈಯುವಂತಿಲ್ಲ, ಮಣ್ಣಿನ ಮಾಳಿಗೆ ವರ್ಷಾ ವರ್ಷ ಮೆತ್ತೋಕೆ ಈಗ ಯಾರಿದ್ದಾರೆ?

ಮೊದಲು ಕರೆಂಟಿನ ಹೀಟರ್ ಯೋಚನೆ ಮಾಡಿದ್ದೆ. 2000 ವ್ಯಾಟಿನದು ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ನಮ್ಮದು ಲೈನಿನ ಕೊನೆಯ ಕಂಬ, ಸಂಜೆ ವೋಲ್ಟೇಜು ಬೀಳುತ್ತದೆ. 230 ವೋಲ್ಟಿಗೆ ಮಾಡಿದ ಹೀಟರು 160ಕ್ಕೆ ಓಡಿದರೆ ಕೊಡುವ ಬಿಸಿ ಅರ್ಧಕ್ಕಿಂತ ಕಡಿಮೆ. ರಾತ್ರಿ ಕರೆಂಟು ಹೋದರೆ ಅದೂ ಇಲ್ಲ.

ಇನ್ನು ಊರಲ್ಲಿ ಎಲ್ಲರೂ ಹೇಳುವುದು ಇದ್ದಿಲ ಶೆಗಡಿ. ಬಾಣಂತಿ ಕೋಣೆಯಲ್ಲಿ ಇಡುತ್ತಾರಲ್ಲ, ಹಂಗೆ. ಇದನ್ನು ನಾನು ಒಪ್ಪಲೇ ಇಲ್ಲ. ಕೆಂಡ ಹೊಗೆ ಬಿಡದಿದ್ದರೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರಿಸಲ್ಲ. ರಕ್ತ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಇದನ್ನು ಹಿಡಿಯುತ್ತದೆ. ಬಾಗಿಲು ಕಿಟಕಿ ಮುಚ್ಚಿ ಶೆಗಡಿ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೇ ಇರುವುದು ಇದಕ್ಕೇ. ಹಳೇ ಮನೆಗಳಲ್ಲಿ ಬೆಳಕಿಂಡಿ ಇತ್ತು, ಹೆಂಗೋ ನಡೀತಿತ್ತು. ಸಂದು ಮುಚ್ಚಿದ ಕೋಣೆಯಲ್ಲಿ ನಡೆಯಲ್ಲ. ದಯವಿಟ್ಟು ಯಾರೂ ಮಾಡಬೇಡಿ.

ಹಾಗಾಗಿ ಉಳಿದದ್ದು ಕಟ್ಟಿಗೆ ಒಲೆ, ಅದೂ ಹೊಗೆ ಪೂರ್ತಿ ಹೊರಗೆ ಹೋಗುವಂಥದ್ದು. ನನಗೆ ಒಲೆ ಕಟ್ಟಿಸುವ ಆತುರ. ಅವ್ವ ಹೇಳಿದ್ದೇ ಬೇರೆ. "ಮೊದ್ಲ ಗಾಳಿ ಎಲ್ಲಿಂದ ಬರಾಕತ್ತೈತಿ ನೋಡು. ತೂತಿನ ಗಡಿಗಿಗೆ ಎಷ್ಟ್ ನೀರು ಹೊಯ್ದರೇನು?"

ನೋಡಿದೆ. ರಾತ್ರಿ ಗಾಳಿ ಬೀಸುವಾಗ ಊದಿನಕಡ್ಡಿ ಹಚ್ಚಿಕೊಂಡು ಗೋಡೆ ಉದ್ದಕ್ಕೂ ಹಿಡಿಯುತ್ತಾ ಹೋದರೆ ಸಾಕು, ಹೊಗೆ ಎಲ್ಲಿ ಅಲುಗುತ್ತದೆ, ಎಲ್ಲಿ ಒಳಕ್ಕೆ ಬಾಗುತ್ತದೆ, ಎಲ್ಲಿ ಹೊರಕ್ಕೆ ಎಳೆಯುತ್ತದೆ, ಎಲ್ಲಾ ಕಾಣುತ್ತದೆ. ನಾನು ಅಂದುಕೊಂಡದ್ದು ಬಾಗಿಲ ಕೆಳಗಿನ ಸಂದೇ ದೊಡ್ಡ ಕಳ್ಳ ಅಂತ. ಅಲ್ಲಿ ಗಾಳಿ ಒಳಗೆ ಬರುತ್ತಿತ್ತು, ನಿಜ. ಆದರೆ ಅದನ್ನು ಒಳಗೆ ಎಳೆಯುತ್ತಿದ್ದದ್ದು ಮೇಲಿನ ಸಂದು. ತಗಡಿನ ಅಲೆ ಅಲೆ ಇದೆಯಲ್ಲ, ಅದು ಗೋಡೆ ಮೇಲೆ ಕೂತಾಗ ಪ್ರತಿ ಅಲೆಯ ಕೆಳಗೂ ಒಂದು ತೂತು ಉಳಿಯುತ್ತದೆ, ಮುಷ್ಟಿ ಹೋಗುವಷ್ಟು. ಗೋಡೆ ಉದ್ದಕ್ಕೂ ಅಂಥ ತೂತುಗಳ ಸಾಲು. ಒಳಗಿನ ಬಿಸಿ ಗಾಳಿ ಹಗುರ, ಮೇಲೇರಿ ಅಲ್ಲಿಂದ ಆಚೆ ಹೋಗುತ್ತದೆ, ಹೋದಷ್ಟು ಜಾಗಕ್ಕೆ ಬಾಗಿಲ ಕೆಳಗಿಂದ ತಣ್ಣನೆ ಗಾಳಿ ಬರುತ್ತದೆ. ಹಾಗಾಗಿ ಮೊದಲು ಮುಚ್ಚಿದ್ದು ಮೇಲಿನದನ್ನು.

ಮುಚ್ಚಿದ್ದು ಮಣ್ಣು ಮತ್ತು ಭತ್ತದ ಹುಲ್ಲಿನಿಂದ. ಹುಲ್ಲು ಸಣ್ಣಗೆ ಕತ್ತರಿಸಿ ಮಣ್ಣಲ್ಲಿ ಕಲಸಿ ಉಂಡೆ ಮಾಡಿ ಒತ್ತಿದ್ದು. ಒತ್ತುವ ಮೊದಲು ಸಣ್ಣ ಕಣ್ಣಿನ ತಂತಿ ಜಾಲಿಯ ತುಂಡು ಇಟ್ಟೆ, ಇಲ್ಲದಿದ್ದರೆ ಇಲಿ ಒಂದೇ ವಾರದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಹಳೇ ಸಂದುಗಳಲ್ಲಿ ಚೇಳು ಇದ್ದವು, ಕೈ ಹಾಕುವ ಮೊದಲು ಕಡ್ಡಿ ಆಡಿಸಿ ನೋಡಿ. ಬಾಗಿಲ ಕೆಳಗೆ ಹಳೇ ಟೈರ್ ಟ್ಯೂಬಿನ ಪಟ್ಟಿ ಹೊಡೆದೆ, ಒಳಗಡೆ ಅವ್ವನ ಹಳೇ ಕೌದಿಯೊಂದನ್ನು ಪರದೆ ಮಾಡಿ ಇಳಿಬಿಟ್ಟೆ. ಕಿಟಕಿಗೆ ಎರಡು ಪದರ ಪ್ಲಾಸ್ಟಿಕ್ ಹಾಳೆ, ನಡುವೆ ಒಂದಿಂಚು ಜಾಗ. ಈ ಎಲ್ಲಾ ಕೆಲಸಕ್ಕೆ ಖರ್ಚು ಹೆಚ್ಚೇನಿಲ್ಲ, ಕೈ ಕೆಲಸ ಜಾಸ್ತಿ.

ಆಮೇಲೆ ತಗಡು. ತಗಡನ್ನು ತೆಗೆಯೋಕೆ ಆಗಲ್ಲ, ಕೆಳಗೆ ಇನ್ನೊಂದು ಚಾವಣಿ ಕಟ್ಟಬೇಕು. ಸಿಂಧನೂರು, ಗಂಗಾವತಿ ಕಡೆಯವರಿಗೆ ಒಂದು ಅನುಕೂಲ ಇದೆ, ಅಕ್ಕಿ ಗಿರಣಿ. ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಹೊಟ್ಟಿನೊಳಗೆ ಗಾಳಿ ಸಿಕ್ಕಿಹಾಕಿಕೊಂಡಿರುತ್ತದೆ, ಅದಕ್ಕೇ ಬಿಸಿ ದಾಟಲ್ಲ. ಮರಳಿನ ಅಂಶ ಇರುವುದರಿಂದ, ಸುಟ್ಟರೆ ಐದನೇ ಒಂದು ಪಾಲು ಬೂದಿಯೇ ಉಳಿಯುತ್ತದೆ, ಹುಲ್ಲಿನಷ್ಟು ಭಗ್ ಅಂತ ಹತ್ತಿಕೊಳ್ಳುವುದಿಲ್ಲ. ಆದರೆ ಒಮ್ಮೆ ಕಿಡಿ ಬಿದ್ದರೆ ಒಳಗೊಳಗೇ ಗಂಟೆಗಟ್ಟಲೆ ಕನಲುತ್ತದೆ, ಅದು ಬೇರೆ ಅಪಾಯ. ಆದ್ದರಿಂದ ಹೊಗೆ ಪೈಪು ಚಾವಣಿ ಹತ್ತಿರ ಸುಳಿಯಲೇಬಾರದು ಅಂತ ಆಗಲೇ ಗಟ್ಟಿ ಮಾಡಿಕೊಂಡೆ.

ಗಳ ಅಡ್ಡಲಾಗಿ ಕಟ್ಟಿ, ಅದರ ಮೇಲೆ ಚಾಪೆ, ಚಾಪೆ ಮೇಲೆ ಹೊಟ್ಟು ತುಂಬಿದ ಗೊಬ್ಬರದ ಚೀಲಗಳನ್ನು ನಾಲ್ಕಿಂಚು ದಪ್ಪಕ್ಕೆ ಬಡಿದು ಚಪ್ಪಟೆ ಮಾಡಿ ಹೊಂದಿಸಿದೆವು. ತೂಕ ಚದರ ಅಡಿಗೆ ಒಂದು ಕಿಲೋ ಆಚೀಚೆ, ಗಳ ತಡೆಯುತ್ತದೆ. ಗಿರಣಿಯಿಂದ ತರುವಾಗ ನುಚ್ಚು ಇಲ್ಲದ ಹೊಟ್ಟು ಕೇಳಿ ತನ್ನಿ. ನುಚ್ಚು ಇದ್ದರೆ ಇಲಿಗೆ ಹಬ್ಬ. ಚೀಲಕ್ಕೂ ತಗಡಿಗೂ ನಡುವೆ ಗಾಳಿಯಾಡಲು ಜಾಗ ಬಿಟ್ಟೆ, ತಗಡಿನಿಂದ ಹನಿ ಬಿದ್ದರೂ ಚೀಲ ಒಣಗಬೇಕಲ್ಲ.

ಇಷ್ಟಕ್ಕೇ ಎಷ್ಟು ಫರಕು ಆಯಿತು ಅಂದರೆ, ಮೊದಲು ಬೆಳಗಿನ ಐದಕ್ಕೆ ಹೊರಗೆ 13 ಇದ್ದರೆ ಒಳಗೆ 14 ತೋರಿಸುತ್ತಿದ್ದ ಥರ್ಮಾಮೀಟರು, ಒಲೆ ಇನ್ನೂ ಹಾಕದೆಯೇ 17ರ ಹತ್ತಿರ ತೋರಿಸತೊಡಗಿತು. ಹನಿ ಬೀಳುವುದು ನಿಂತಿತು. ಅಪ್ಪ "ಇಷ್ಟಾ ಸಾಕು ಬಿಡೋ, ಒಲಿ ಯಾಕ್ ಬೇಕು" ಅಂದ. ಒಲೆಗೆ ಇಟ್ಟಿಗೆ ಆಗಲೇ ಬಂದು ಬಿದ್ದಿತ್ತು.

ಈಗ ಒಲೆ. ಮೊದಲು ಹೋದದ್ದು ವೆಲ್ಡಿಂಗ್ ಅಂಗಡಿಗೆ. ಅವನು ಇನ್ನೂರು ಲೀಟರಿನ ಎಣ್ಣೆ ಡ್ರಮ್ಮು ಕೊಯ್ದು, ಬಾಗಿಲು ಇಟ್ಟು, ಕಾಲು ಹಚ್ಚಿ ಕೊಡ್ತೀನಿ ಅಂದ. ಅಗ್ಗವೂ ಹೌದು. ಆದರೆ ಡ್ರಮ್ಮಿನ ತಗಡು ತೆಳು, ಕೆಂಪಗೆ ಕಾಯುತ್ತದೆ, ಬೆಂಕಿ ಆರಿದ ಅರ್ಧ ಗಂಟೆಗೆ ತಣ್ಣಗಾಗುತ್ತದೆ. ಹತ್ತಡಿ ಕೋಣೆಯಲ್ಲಿ ವಯಸ್ಸಾದವರು ರಾತ್ರಿ ಎದ್ದು ತಡವರಿಸುವಾಗ ಅದಕ್ಕೆ ಕೈ ತಾಗಿದರೆ ಕಥೆ ಮುಗಿಯಿತು. ಇನ್ನೊಂದು ಮಾತು, ಡ್ರಮ್ಮಲ್ಲಿ ಮೊದಲು ಏನಿತ್ತು ಅಂತ ಗೊತ್ತಿಲ್ಲದೆ ತರಬೇಡಿ, ಕೀಟನಾಶಕದ್ದಂತೂ ಬೇಡವೇ ಬೇಡ. ಎಣ್ಣೆ ಡ್ರಮ್ಮನ್ನು ಖಾಲಿ ಇದೆ ಅಂತ ಹಾಗೇ ಗ್ಯಾಸ್ ಕಟರ್ ಹಾಕಿದರೆ ಒಳಗಿನ ಆವಿಗೆ ಬೆಂಕಿ ಹತ್ತಿ ಸಿಡಿಯುತ್ತದೆ, ಗೊತ್ತಿರುವ ವೆಲ್ಡರುಗಳು ನೀರು ತುಂಬಿಸಿಯೇ ಕೊಯ್ಯುತ್ತಾರೆ.

ನನಗೆ ಬೇಕಾದದ್ದು ಸಂಜೆ ಒಂದೂವರೆ ಎರಡು ಗಂಟೆ ಉರಿದು, ಬೆಂಕಿ ಪೂರ್ತಿ ಆರಿ, ಆಮೇಲೆ ರಾತ್ರಿಯಿಡೀ ಮೆಲ್ಲಗೆ ಬಿಸಿ ಬಿಡುವ ಒಲೆ. ಅಂದರೆ ಇಟ್ಟಿಗೆ. ನೂರು ಇಟ್ಟಿಗೆ ಅಂದರೆ ಸುಮಾರು ಮುನ್ನೂರು ಕಿಲೋ, ಅಷ್ಟು ತೂಕ ಒಮ್ಮೆ ಕಾದರೆ ಬೆಳಗಿನವರೆಗೂ ಬೆಚ್ಚಗಿರುತ್ತದೆ. ಮಲಗುವಾಗ ಬೆಂಕಿಯೇ ಇಲ್ಲ ಅನ್ನುವುದು ಇದರ ದೊಡ್ಡ ಲಾಭ.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿಯಿಂದ ಮಾಡಿದ ಇಟ್ಟಿಗೆ ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಗುತ್ತದೆ, ಗೋಡೆಗೆ ಚೆನ್ನ. ಆದರೆ ಅದರ ಹಿಡಿತ ಸಿಮೆಂಟಿನದ್ದು, ಬೆಂಕಿ ಎದುರು ಬಾಳಿಕೆ ಬರಲ್ಲ. ಸುಟ್ಟ ಕೆಂಪು ಇಟ್ಟಿಗೆಯೇ ಬೇಕು, ಅದರಲ್ಲೂ ಚೆನ್ನಾಗಿ ಬೆಂದದ್ದು, ಎರಡು ಬಡಿದರೆ ಟಣ್ ಅನ್ನಬೇಕು. ಕಟ್ಟುವುದಕ್ಕೂ ಸಿಮೆಂಟು ಬೇಡ, ಮಣ್ಣು. ಇಲ್ಲಿ ಗೌಂಡಿಗೂ ನನಗೂ ಸಣ್ಣ ಜಗಳ. "ಮಣ್ಣಾಗ ಕಟ್ಟಿದ್ರ ನನ್ನ ಹೆಸರು ಕೆಡ್ತೈತ್ರಿ" ಅಂತ ಅವರು. ಅವ್ವ ಬಂದು "ಕಾಕಾ, ನಿಮ್ಮವ್ವನ ಒಲಿ ಸಿಮೆಂಟಿಲೆ ಇತ್ತೇನು?" ಅಂದಾಗ ನಕ್ಕು ಒಪ್ಪಿದರು. ನಮ್ಮ ಎರೆಮಣ್ಣು ಇದಕ್ಕೆ ಆಗಲ್ಲ, ಒಣಗಿದರೆ ಬೆರಳು ಹೋಗುವಷ್ಟು ಬಿರಿಯುತ್ತದೆ. ಹುತ್ತದ ಮಣ್ಣು ತಂದು ಮರಳು, ಜರಡಿ ಹಿಡಿದ ಬೂದಿ ಸೇರಿಸಿ ಅವ್ವನೇ ತುಳಿದು ಹದ ಮಾಡಿದಳು. ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಆದ್ದರಿಂದ ಒಲೆಯ ಕೆಳಗೆ ಮರಳು ತುಂಬಿ ಮೇಲೆ ಕರಿಕಲ್ಲಿನ ಚಪ್ಪಡಿ ಹಾಕಿದೆವು.

ಅವ್ವನಿಗೆ ಹೊಗೆ ಇಲ್ಲದ ಒಲೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಅನ್ನುವ ಗುಂಪು ಶುರುವಾಯಿತು, ಎ.ಕೆ.ಎನ್. ರೆಡ್ಡಿ ಅದನ್ನು ಕಟ್ಟಿದವರು. ಅವರ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಬಂತು, ಕೆಳಗೆ ಜಾಲರಿ, ಮುಚ್ಚಿದ ಬಾಯಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ನಮ್ಮೂರಲ್ಲೂ ಕೆಲವು ಮನೆಗೆ ಇದ್ದವು. ಕೊಳವೆ ಮಸಿ ತುಂಬಿದಾಗ ತೆಗೆಯುವವರಿಲ್ಲದೆ ಒಂದೊಂದೇ ಮೂಲೆ ಸೇರಿದವು. ನನ್ನ ಒಲೆಗೆ ಜಾಲರಿಯ ಯೋಚನೆ ಬಂದದ್ದು ಅಲ್ಲಿಂದಲೇ. ಕಟ್ಟಿಗೆ ನೆಲದ ಮೇಲೆ ಬಿದ್ದಿದ್ದರೆ ಅಡಿಗೆ ಗಾಳಿ ಸಿಗಲ್ಲ, ಅರ್ಧ ಉರಿದು ಹೊಗೆಯಾಗುತ್ತದೆ. ಜಾಲರಿ ಮೇಲಿದ್ದರೆ ಕೆಳಗಿಂದ ಗಾಳಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತಿರುವ ಸಂಗತಿ. ಒಂದು ಕಿಲೋ ಒಣ ಕಟ್ಟಿಗೆ ಉರಿಯಲು ಲೆಕ್ಕದ ಪ್ರಕಾರ ಆರು ಕಿಲೋ ಗಾಳಿ ಬೇಕು, ನಿಜವಾದ ಒಲೆಯಲ್ಲಿ ಅದರ ಎರಡರಷ್ಟು ಹೋಗುತ್ತದೆ. ಅಂದರೆ ಹತ್ತು ಘನ ಮೀಟರ್ ಆಚೀಚೆ. ನಮ್ಮ ಕೋಣೆಯಲ್ಲಿರುವ ಗಾಳಿಯೇ ಒಟ್ಟು ಮೂವತ್ತು ಘನ ಮೀಟರ್. ಮೂರು ಕಿಲೋ ಕಟ್ಟಿಗೆ ಉರಿಸಿದರೆ ಕೋಣೆಯ ಗಾಳಿಯೆಲ್ಲ ಒಮ್ಮೆ ಕೊಳವೆಯಲ್ಲಿ ಹೋದ ಹಾಗೆ. ಹೋದ ಗಾಳಿಗೆ ಬದಲು ಎಲ್ಲಿಂದ ಬರುತ್ತದೆ? ಸಂದಿನಿಂದ, ಬಾಗಿಲ ಕೆಳಗಿಂದ, 13 ಡಿಗ್ರಿಯ ಗಾಳಿ. ಒಲೆ ಜೋರಾದಷ್ಟೂ ಬೆನ್ನಿಗೆ ಚಳಿ ಜೋರು. ಒಲೆ ಮುಂದೆ ಕೂತವರಿಗೆ ಎದೆ ಸುಡುತ್ತದೆ, ಬೆನ್ನು ನಡುಗುತ್ತದೆ ಅಂತಾರಲ್ಲ, ಕಾರಣ ಇದು. ಸಂದನ್ನೆಲ್ಲ ಬಿಗಿಯಾಗಿ ಮುಚ್ಚಿದರೆ ಇನ್ನೊಂದು ತೊಂದರೆ, ಒಲೆಗೆ ಗಾಳಿ ಸಿಗದೆ ಹೊಗೆ ವಾಪಸ್ ಕೋಣೆಗೇ ಬರುತ್ತದೆ.

ಉಪಾಯ ಸರಳ. ಒಲೆಗೆ ಅದರದ್ದೇ ಗಾಳಿ ದಾರಿ. ಹೊರಗಿನಿಂದ ನೆಲದೊಳಗೆ ನಾಲ್ಕಿಂಚಿನ ಪೈಪು ಹೂತು, ಒಲೆಯ ಬೂದಿ ಗುಂಡಿಗೆ ನೇರ ತಂದುಬಿಟ್ಟೆ. ಒಲೆಯ ಹತ್ತಿರದ ತುಂಡು ಕಬ್ಬಿಣದ್ದು, ಉಳಿದದ್ದು ಪಿವಿಸಿ. ಹೊರಗಿನ ಬಾಯಿಗೆ ತಂತಿ ಜಾಲಿ, ಇಲ್ಲದಿದ್ದರೆ ಹಾವು ಬರುತ್ತದೆ, ತಮಾಷೆಯಲ್ಲ. ಬೆಂಕಿ ಹೊರಗಿನ ಗಾಳಿ ಎಳೆದುಕೊಂಡು ಹೊರಗೇ ಬಿಡುತ್ತದೆ, ಕೋಣೆಯ ಬಿಸಿ ಗಾಳಿ ಕೋಣೆಯಲ್ಲೇ ಉಳಿಯುತ್ತದೆ. ಇದೊಂದು ಇಲ್ಲದಿದ್ದರೆ ಅಷ್ಟೆಲ್ಲ ಸಂದು ಮುಚ್ಚಿದ್ದು ದಂಡ ಆಗುತ್ತಿತ್ತು. ಮನುಷ್ಯರ ಉಸಿರಿಗೆ ಅಂತ ಎದುರು ಗೋಡೆಯಲ್ಲಿ ಮೇಲೆ ಒಂದು ಇಟ್ಟಿಗೆಯಷ್ಟು ಕಿಂಡಿ ಯಾವಾಗಲೂ ತೆರೆದೇ ಇದೆ, ಅದನ್ನು ಮುಚ್ಚೋಕೆ ಅಪ್ಪನಿಗೂ ಬಿಟ್ಟಿಲ್ಲ.

ಒಳಗೆ ಹೊಗೆ ಹೋಗುವ ದಾರಿಯನ್ನೂ ಸ್ವಲ್ಪ ಸುತ್ತಿಸಿದೆವು. ಬೆಂಕಿ ಗೂಡಿನಿಂದ ಮೇಲೆ ಬಂದು, ಮೇಲಿನ ಕಬ್ಬಿಣದ ಹಲಗೆಗೆ ತಾಗಿ, ಹಿಂದಿನ ಅಡ್ಡಗೋಡೆ ದಾಟಿ ಒಮ್ಮೆ ಕೆಳಗೆ ಇಳಿದು, ಆಮೇಲೆ ಪೈಪು ಸೇರುತ್ತದೆ. ನೇರ ಬಿಟ್ಟರೆ ಬಿಸಿಯೆಲ್ಲ ಆಕಾಶಕ್ಕೆ. ಹೀಗೆ ಸುತ್ತಿಸಿದರೆ ಇಟ್ಟಿಗೆ ಬಿಸಿ ಹೀರುತ್ತದೆ. ಆದರೆ ತಣ್ಣಗಿರುವ ಒಲೆಯಲ್ಲಿ ಹೊಗೆ ಕೆಳಗಿಳಿಯೋಕೆ ಒಪ್ಪಲ್ಲ. ಅದಕ್ಕೆ ಪೈಪಿನ ಬುಡದಲ್ಲಿ ಒಂದು ಸಣ್ಣ ಬಾಗಿಲು, ಮಸಿ ತೆಗೆಯುವುದೂ ಅಲ್ಲಿಂದಲೇ. ಒಲೆ ಹಚ್ಚುವ ಮೊದಲು ಅಲ್ಲಿ ಒಂದು ಹಾಳೆ ಪೇಪರ್ ಸುಟ್ಟರೆ ಪೈಪಿನೊಳಗಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಎಳೆತ ಶುರುವಾಗುತ್ತದೆ.

ಪೈಪು ಐದಿಂಚಿನದು, ಕಪ್ಪು ಕಬ್ಬಿಣ. ಸತುವಿನ ಲೇಪದ ಬಿಳಿ ಪೈಪು ಬೇಡ ಅಂದೆ, ಸತು 420 ಡಿಗ್ರಿ ಸುತ್ತ ಕರಗುತ್ತದೆ, ಒಲೆ ಬುಡದಲ್ಲಿ ಬಿಸಿ ಅಷ್ಟಕ್ಕೆ ಹೋಗಬಹುದು, ಅದರ ಹೊಗೆ ಎದೆಗೆ ಕೆಟ್ಟದ್ದು. ತಗಡಿಗೆ ತೂತು ಹಾಕಿದರೆ ಮಳೆಗಾಲದಲ್ಲಿ ಸೋರುತ್ತದೆ, ಹೊಟ್ಟಿನ ಚಾವಣಿಯೂ ದಾಟಬೇಕು. ಆದ್ದರಿಂದ ಚಾವಣಿಗಿಂತ ಕೆಳಗೇ ಗೋಡೆಯಿಂದ ಹೊರಗೆ ತೆಗೆದು ಆಮೇಲೆ ಮೇಲಕ್ಕೆ ಎಬ್ಬಿಸಿದೆವು. ಗೋಡೆಯಲ್ಲಿ ದೊಡ್ಡ ಪೈಪಿನ ತುಂಡು ಮೊದಲು ಕೂರಿಸಿ, ಅದರೊಳಗೆ ಹೊಗೆ ಪೈಪು, ನಡುವೆ ಬೂದಿ ತುಂಬಿದ್ದು, ಯಾಕಂದರೆ ಕಾದ ಪೈಪು ಹಿಗ್ಗುತ್ತದೆ, ಗೋಡೆಗೆ ನೇರ ಕೂರಿಸಿದರೆ ಬ್ಲಾಕ್ ಸೀಳುತ್ತದೆ.

ಎತ್ತರದ ವಿಷಯದಲ್ಲಿ ಗೌಂಡಿ ಕಾಕಾ ತಗಡಿನ ಮಟ್ಟಕ್ಕೆ ಸಾಕು ಅಂದರು. ಹಾಗೇ ಇಟ್ಟು ನೋಡಿದಾಗ ಮೂಡಗಾಳಿ ಬೀಸಿದ ಸಂಜೆ ಹೊಗೆ ಗಪ್ ಅಂತ ಒಳಗೆ ಬಂತು. ಗಾಳಿ ಮಾಡು ಹತ್ತಿ ಇಳಿಯುವಾಗ ಆ ಕಡೆ ಸುಳಿ ಆಗುತ್ತದೆ, ಪೈಪಿನ ಬಾಯಿ ಆ ಸುಳಿಯೊಳಗಿದ್ದರೆ ಹೊಗೆ ಕೆಳಗೆ ತಳ್ಳಿಸಿಕೊಳ್ಳುತ್ತದೆ. ಹತ್ತಡಿ ದೂರದೊಳಗೆ ಇರುವ ಯಾವುದಕ್ಕಿಂತಲೂ ಎರಡಡಿಯಾದರೂ ಮೇಲಿರಬೇಕು ಅನ್ನುವುದು ಒಲೆ ಕಟ್ಟುವವರ ರೂಢಿ. ಇನ್ನೊಂದು ತುಂಡು ಏರಿಸಿ, ತಂತಿ ಎಳೆದು ಕಟ್ಟಿದ ಮೇಲೆ ಸರಿಹೋಯಿತು. ತುದಿಗೆ ಟೋಪಿ, ಟೋಪಿ ಸುತ್ತ ಜಾಲಿ. ಭತ್ತದ ಹುಲ್ಲಿನ ಬಣವೆ ಹಿತ್ತಲಲ್ಲೇ ಇತ್ತು, ಕಿಡಿ ಹಾರಿದರೆ ಏನು ಗತಿ? ಬಣವೆಯನ್ನೇ ದೂರಕ್ಕೆ ಎತ್ತಿ ಹಾಕಿದೆವು. ಬೈಸಿಕೊಂಡೆ, ಪರವಾಗಿಲ್ಲ.

ಕಟ್ಟಿದ ಕೂಡಲೇ ಜೋರು ಬೆಂಕಿ ಹಾಕುವಂತಿಲ್ಲ. ಮಣ್ಣಿನೊಳಗಿನ ನೀರು ಆವಿಯಾಗಿ ಬಿರುಕು ಬಿಡಿಸುತ್ತದೆ. ಸುಮ್ನೆ ಒಂದು ವಾರ ಒಣಗಲು ಬಿಟ್ಟು, ಆಮೇಲೆ ದಿನಾ ಒಂದು ಹಿಡಿ ಹತ್ತಿಕಟ್ಟಿಗೆ ಸುಟ್ಟು ಮೆಲ್ಲಗೆ ಕಾಯಿಸಿದೆ.

ಕಟ್ಟಿಗೆಗೆ ನಮ್ಮ ಕಡೆ ಬರ ಇಲ್ಲ. ಬಳ್ಳಾರಿ ಜಾಲಿ. ಮೆಕ್ಸಿಕೊ, ದಕ್ಷಿಣ ಅಮೆರಿಕ ಕಡೆಯ ಗಿಡ, ಇಲ್ಲಿ ನಾಲೆ ದಂಡೆ, ಬೀಳು ಹೊಲ ಎಲ್ಲಾ ಅದೇ. ಮುಳ್ಳು ಟ್ರ್ಯಾಕ್ಟರ್ ಟೈರಿಗೂ ಚುಚ್ಚುತ್ತದೆ, ರೈತರು ಶಾಪ ಹಾಕುತ್ತಾರೆ. ಆದರೆ ಉರಿಸೋಕೆ ಅದರಷ್ಟು ಒಳ್ಳೆ ಕಟ್ಟಿಗೆ ಇಲ್ಲ, ಭಾರ, ನಿಧಾನ ಉರಿಯುತ್ತದೆ, ಕೆಂಡ ಗಟ್ಟಿ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದ ಹತ್ತಿರ ನೀರೇ. ಅದನ್ನು ಉರಿಸಿದರೆ ಬಿಸಿಯೆಲ್ಲ ಆ ನೀರು ಕುದಿಸೋಕೆ ಹೋಗುತ್ತದೆ, ಪೈಪಿನೊಳಗೆ ಡಾಂಬರಿನಂಥ ಕಪ್ಪು ಅಂಟು ಕೂರುತ್ತದೆ, ಅದು ಜಾಸ್ತಿಯಾದರೆ ಪೈಪಿಗೇ ಬೆಂಕಿ ಹತ್ತುತ್ತದೆ. ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ತೇವ ಇರಬೇಕು. ನಮ್ಮ ಬಿಸಿಲು ಇಲ್ಲಿ ಕೆಲಸಕ್ಕೆ ಬಂತು. ಫೆಬ್ರವರಿಯಲ್ಲಿ ಕಡಿದು, ಸೀಳಿ, ನೆಲ ಬಿಟ್ಟು ಅಡ್ಡಗಟ್ಟಿಗೆ ಮೇಲೆ ಒಟ್ಟಿದರೆ ಬೇಸಿಗೆ ಮುಗಿಯುವಷ್ಟರಲ್ಲಿ ಸಿದ್ಧ. ಮಳೆಗೆ ಮೇಲೆ ಮಾತ್ರ ತಾಡಪತ್ರಿ, ಪಕ್ಕ ಮುಚ್ಚಬೇಡಿ. ತುದಿಯಲ್ಲಿ ಬಿರುಕು ಕಾಣಬೇಕು, ತೊಗಟೆ ತಾನೇ ಬಿಡಬೇಕು. ಸಗಣಿ ಕುಳ್ಳು ಅಪ್ಪನ ಇಷ್ಟದ್ದು, ಆದರೆ ಹೊಗೆ ಜಾಸ್ತಿ, ಬೂದಿಯೂ ಜಾಸ್ತಿ, ಈ ಒಲೆಗೆ ಬೇಡ. ತೊಗರಿ, ಹತ್ತಿ ಕಟ್ಟಿಗೆ ಹಚ್ಚೋಕೆ ಸಾಕು.

ಹಚ್ಚುವ ಕ್ರಮವೂ ಬದಲಾಯಿತು. ದಪ್ಪ ಕಟ್ಟಿಗೆ ಕೆಳಗೆ, ಸಣ್ಣದು ಅದರ ಮೇಲೆ, ತೊಗರಿ ಕಡ್ಡಿ ಎಲ್ಲಕ್ಕಿಂತ ಮೇಲೆ, ಬೆಂಕಿ ಮೇಲಿನಿಂದ. "ಲೇ, ಮ್ಯಾಲಿಂದ ಯಾರರ ಒಲಿ ಹಚ್ತಾರೇನ್ಲೇ" ಅಂತ ಅಪ್ಪ ಎರಡು ದಿನ ಗೊಣಗಿದ. ಕೆಳಗಿನ ಕಟ್ಟಿಗೆಯ ಹೊಗೆ ಮೇಲಿನ ಉರಿ ದಾಟಿ ಹೋಗುವಾಗ ಅದೂ ಉರಿದುಹೋಗುತ್ತದೆ. ಹೊರಗೆ ಹೋಗಿ ಪೈಪಿನ ತುದಿ ನೋಡಿದ, ಹೊಗೆಯೇ ಕಾಣಲಿಲ್ಲ, ಸುಮ್ಮನಾದ. ಈಗ ಬಂದವರಿಗೆಲ್ಲ ತಾನೇ ಕಂಡುಹಿಡಿದಂತೆ ಹೇಳಿಕೊಡುತ್ತಾನೆ.

ಸಂಜೆ ಏಳಕ್ಕೆ ನಾಲ್ಕೈದು ಕಿಲೋ ಕಟ್ಟಿಗೆ, ಒಂಬತ್ತರೊಳಗೆ ಉರಿ ಮುಗಿಯುತ್ತದೆ. ಮೇಲಿನ ಹಲಗೆ ಮೇಲೆ ನೀರಿನ ಕೊಡ, ಮಲಗುವ ಮುಂಚೆ ಕೈಕಾಲಿಗೆ ಬಿಸಿ ನೀರು. ಕೆಂಡ ಇರುವವರೆಗೂ ಒಲೆಗೆ ಗಾಳಿ ಬರುವ ದಾರಿಯನ್ನಾಗಲಿ ಹೊಗೆ ಪೈಪಿನ ಮುಚ್ಚಳವನ್ನಾಗಲಿ ಪೂರ್ತಿ ಮುಚ್ಚಲ್ಲ, ಮೊದಲು ಹೇಳಿದ ಮೊನಾಕ್ಸೈಡ್ ಕಾರಣಕ್ಕೆ. ಆ ಅನಿಲಕ್ಕೆ ಕೂಗುವ ಒಂದು ಸಣ್ಣ ಅಲಾರಂ ಕೂಡ ಆನ್‌ಲೈನಿನಲ್ಲಿ ತರಿಸಿ ಹೊರಸಿನ ಹತ್ತಿರ ಗೋಡೆಗೆ ಹೊಡೆದಿದ್ದೇನೆ. ಹೊರಗೆ 13 ಇದ್ದ ಬೆಳಗಿನ ಜಾವ ಒಳಗೆ 21. ಅಪ್ಪ ಇನ್ಹೇಲರ್ ಬಿಟ್ಟಿಲ್ಲ, ಬಿಡೋದೂ ಬೇಡ, ಆದರೆ ನಸುಕಿನಲ್ಲಿ ಎದ್ದು ಕೂರುವುದು ಕಡಿಮೆಯಾಗಿದೆ.

ತಿಂಗಳಿಗೊಮ್ಮೆ ಮಸಿ ತೆಗೆಯಬೇಕು. ಹಗ್ಗಕ್ಕೆ ಗೋಣಿಚೀಲದ ಉಂಡೆ ಕಟ್ಟಿ, ಕೆಳಗೆ ಭಾರಕ್ಕೆ ಒಂದು ಕಲ್ಲು, ಮೇಲಿಂದ ಇಳಿಬಿಟ್ಟು ಎಳೆದಾಡಿದರೆ ಬೀಳುತ್ತದೆ. ಟೋಪಿಯ ಜಾಲಿ ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ಇನ್ನೂ ಮುಂಚೆ ನೋಡಬೇಕು, ಎಳೆತ ಕಡಿಮೆಯಾದರೆ ಮೊದಲ ಅನುಮಾನ ಅದರ ಮೇಲೆ. ಒಟ್ಟು ಖರ್ಚು, ಗೌಂಡಿ ಕೂಲಿ, ಪೈಪು, ವೆಲ್ಡಿಂಗ್ ಎಲ್ಲಾ ಸೇರಿ, ಹದಿನೈದು ಸಾವಿರದೊಳಗೆ. ಅದರಲ್ಲಿ ಪೈಪಿಗೇ ಜಾಸ್ತಿ ಹೋಯಿತು.

ಹೊಟ್ಟಿನ ಚಾವಣಿ ಬೇಸಿಗೆಯಲ್ಲೂ ಕೆಲಸ ಮಾಡುತ್ತದೆ, ಮಧ್ಯಾಹ್ನ ತಗಡಿನ ಝಳ ತಲೆ ಮೇಲೆ ಇಳಿಯಲ್ಲ. ಅದನ್ನು ನೋಡಿ ಪಕ್ಕದ ಕ್ಯಾಂಪಿನ (ನಮ್ಮ ಕಡೆ ಹೊಲಗಳ ನಡುವಿನ ಸಣ್ಣ ಊರಿಗೆ ಹಾಗೆ ಅನ್ನುತ್ತಾರೆ) ಇಬ್ಬರು ಬರೀ ಚಾವಣಿ ಮಾಡಿಸಿಕೊಂಡರು, ಒಲೆ ಬೇಡವಂತೆ. ಅವರ ಮನೆಯಲ್ಲಿ ದಮ್ಮಿನವರಿಲ್ಲ, ಅಷ್ಟೇ ಸಾಕು ಅವರಿಗೆ. ನಮ್ಮದರಲ್ಲಿ ಮೂಲೆಯ ಎರಡು ಚೀಲಕ್ಕೆ ಇಲಿ ಬಾಯಿ ಹಾಕಿದೆ, ಈ ಸಲ ಸುಗ್ಗಿ ಮುಗಿದ ಮೇಲೆ ಹೊಸ ಹೊಟ್ಟು ತುಂಬಬೇಕು. ಬಾಗಿಲಿನ ಟೈರ್ ಪಟ್ಟಿಯೂ ಸವೆದಿದೆ.